ಹತ್ತಿರ ಯಾವುದು, ದೂರ ಯಾವುದು

"ಎರಡೂ ಕಣ್ಣು ಕ್ಯಾಮೆರಾ ಕಡೆ ಇರ್ಲಿ, ಸಿಸ್ಟರ್..."

"ಇರೋದೇ ಒಂದು! ಇನ್ನೊಂದು ಗಾಜು!"

ನರ್ಸ್ ಹಾಗೆ ಸಿಡುಕಿದಾಗ ಫೋಟೋಗ್ರಾಫರ್‌ಗೆ ನಿಂತ ನೆಲವೇ ಕುಸಿದಂತಾಯಿತು. ಮತ್ತೆ ಕೆಲಸಕ್ಕೆ ಸೇರುವ ಆಸೆಯಿಂದ ಆಸ್ಪತ್ರೆಯ ಐಡಿ ಕಾರ್ಡಿಗೆ ಫೋಟೋ ತೆಗೆಸಲು ಬಂದಿದ್ದಳು ಅವಳು. ಸೋಂಕು ತಗುಲಿ ಎಡಗಣ್ಣು ಹೋದ ಮೇಲೆ ಲೋಕವೇ ಚಪ್ಪಟೆಯಾಗಿತ್ತು. ನೀರು ಬಗ್ಗಿಸಿದರೆ ಲೋಟದ ಆಚೆ. ಮೆಟ್ಟಿಲಿಳಿದರೆ ಕಾಲು ಗಾಳಿಗೆ.

"ತಪ್ಪಾಯ್ತು... ನನ್ನ ಕ್ಯಾಮೆರಾಗೂ ಒಂದೇ ಕಣ್ಣು," ಎಂದು ಅವನು ತಡವರಿಸಿದ.

"ನಿಮ್ಮ ಕ್ಯಾಮೆರಾ ಯಾರಿಗೂ ಸೂಜಿ ಚುಚ್ಚಬೇಕಾಗಿಲ್ಲ!"

ಆದರೂ ಅವಳ ನೋಟ ಗೋಡೆಯ ಮೇಲಿನ ಫೋಟೋವೊಂದರಲ್ಲಿ ಸಿಕ್ಕಿಕೊಂಡಿತು. ಉದ್ದನೆಯ ಬೀದಿ... ಒಳಗೆ ನಡೆದುಹೋಗಬಹುದು ಎನ್ನಿಸುವಂತಿತ್ತು!

"ಬರೀ ಕಾಗದ ಇದು. ಇಷ್ಟು ಆಳ ಎಲ್ಲಿಂದ ಬಂತು?"

"ದೂರದ ಕಂಬ ಚಿಕ್ಕದು, ಮಸುಕು. ಹತ್ತಿರದ ಗಾಡಿ ತನ್ನ ಹಿಂದಿರೋ ಮನೆ ಬಾಗಿಲನ್ನ ಮರೆ ಮಾಡಿದೆ. ಬೀದಿಯ ಎರಡು ಅಂಚೂ ಹೋಗ್ತಾ ಹೋಗ್ತಾ ಕೂಡ್ಕೊಂಡಿವೆ. ನೆರಳು ನೋಡಿ... ಮಿಕ್ಕಿದ್ದನ್ನ ಮನಸ್ಸೇ ತುಂಬ್ಕೊಳ್ಳುತ್ತೆ. ನೀವೂ ಹೀಗೇ ನೋಡೋದು ಕಲೀಬಹುದು."

ಅಂದಿನಿಂದ ಅವಳು ಸ್ಟುಡಿಯೋಗೆ ಬರತೊಡಗಿದಳು. ಅವನು ಮೇಜಿನ ಮೇಲೆ ಲೋಟಗಳನ್ನಿಡುವನು, ಅವಳು ನೆರಳು ನೋಡಿ ದೂರ ಹೇಳುವಳು. ತಪ್ಪಿದಾಗ ಇಬ್ಬರೂ ನಗುವರು.

"ಇನ್ನು ಸಿಸ್ಟರ್ ಅಂತ ಮಾತ್ರ ಕರೀಬೇಡಿ," ಎಂದಳೊಮ್ಮೆ. ಅವನ ಕಿವಿ ಕೆಂಪಾಯಿತು!

ಆದರೆ ಆಸ್ಪತ್ರೆಯ ಪರೀಕ್ಷೆಯಲ್ಲಿ, ಚುಚ್ಚಿ ತೋರಿಸಲು ಇಟ್ಟಿದ್ದ ರಬ್ಬರ್ ತೋಳಿನ ನರಕ್ಕೆ ಅವಳ ಸೂಜಿ ತಾಗಲಿಲ್ಲ. ಒಮ್ಮೆ... ಮತ್ತೊಮ್ಮೆ... ಅವಳನ್ನು ವಾರ್ಡಿನಿಂದ ತೆಗೆದು ಬೆಡ್‌ಶೀಟುಗಳ ಉಗ್ರಾಣಕ್ಕೆ ಹಾಕಿದರು. ಶಾಶ್ವತವಾಗಿ.

ಅಳು ನುಂಗಿಕೊಂಡು ಸ್ಟುಡಿಯೋ ಬಾಗಿಲಿಗೆ ಬಂದರೆ, ಒಳಗೆ ಅವನ ಅಕ್ಕನ ದನಿ. "ಪಾಪ ಅಂತ ಒಕ್ಕಣ್ಣಿನವಳನ್ನ ಯಾರಾದ್ರೂ ಮದುವೆ ಆಗ್ತಾರೇನೋ?"

ಅವನು ತುಟಿ ಬಿಚ್ಚಲಿಲ್ಲ.

'ಹಾಗಾದರೆ ಇದೆಲ್ಲ ಬರೀ ಕನಿಕರ!'

ಅವಳು ಬಂದ ದಾರಿಯಲ್ಲೇ ಹಿಂತಿರುಗಿದಳು. ಅವನ ಫೋನು ಎತ್ತಲಿಲ್ಲ. ಉಗ್ರಾಣದಲ್ಲಿ ಮಡಿಸುತ್ತ, ಜೋಡಿಸುತ್ತ ದಿನಗಳು ಹೆಣದಂತೆ ಬಿದ್ದುಕೊಂಡವು. ಅಮ್ಮ ಬಡಿಸಿದ ಊಟ ತಟ್ಟೆಯಲ್ಲೇ ಆರುತ್ತಿತ್ತು.

ಒಂದು ಸಂಜೆ ಅವನೇ ಉಗ್ರಾಣದ ಬಾಗಿಲಲ್ಲಿ ನಿಂತಿದ್ದ.

"ನಿಮ್ಮ ಅಕ್ಕ ಅಂದಿದ್ದು ಕೇಳಿಸ್ತು," ಎಂದಳು. "ನೀವು ಸುಮ್ನಿದ್ದಿದ್ದೂ ಕೇಳಿಸ್ತು."

ಅವನ ಮುಖ ಬಿಳುಚಿತು. "ಪ್ರೀತಿಸ್ತೀನಿ ಅಂತ ನಿಮಗೇ ಹೇಳಿರ್ಲಿಲ್ಲ... ಮೊದಲು ಅಕ್ಕನಿಗೆ ಹೇಗೆ ಹೇಳ್ಲಿ?"

"ನಾನು ಸರಿಹೋಗಲ್ಲ ಕಣ್ರೀ! ಇನ್ನು ಯಾವತ್ತೂ ವಾರ್ಡಿಗೆ ಹೋಗಲ್ಲ."

"ಗೊತ್ತು. ಸರಿಹೋಗುತ್ತೆ ಅಂತ ಸುಳ್ಳು ಹೇಳೋಕೆ ಬಂದಿಲ್ಲ. ಜೊತೆಗಿರ್ತೀನಿ ಅಂತ ಹೇಳೋಕೆ ಬಂದೆ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕಾಣದ ಕಣ್ಣಿನಿಂದಲೂ ನೀರಿಳಿಯಿತು. ಹೋದದ್ದು ಹೋಗಿಯೇ ಇತ್ತು. ಆ ದುಃಖ ಎಳ್ಳಷ್ಟೂ ಕರಗಲಿಲ್ಲ... ಅದರೊಳಗೆ ಅವಳು ಒಬ್ಬಳೇ ಇರಲಿಲ್ಲ, ಅಷ್ಟೇ.

"ಕಣ್ಣು ಮಂಜಾಗಿದೆ... ಎಲ್ಲಿದೀರಾ?"

"ಇಲ್ಲೇ."

"ಇಲ್ಲೇ ಅಂದ್ರೆ ಎಷ್ಟು ದೂರ?"

ಅವನು ಹತ್ತಿರ ಬಂದ. ಅವಳ ಹಣೆಗೆ ತನ್ನ ಹಣೆ ಆನಿಸಿದ.

"ಈಗ ಗೊತ್ತಾಯ್ತು," ಎಂದಳು ಅವಳು.