ಮುಂದಿನ ಎಡಚಕ್ರ

ಚಕ್ರದ ನಡುವಿನ ಹಬ್ ಕೊನೆಗೂ ಕಳಚಿಕೊಂಡಾಗ ಒಳಗಿನಿಂದ ಗ್ರೀಸಿನ ಜೊತೆ ಮರಳು ಉದುರಿತು.

ಬೆಳಗ್ಗಿನಿಂದ ಮೆಕ್ಯಾನಿಕ್ ಯಲ್ಲಪ್ಪ ಅದರೊಂದಿಗೆ ಗುದ್ದಾಡುತ್ತಿದ್ದ. ಡೀಸೆಲ್ ಸುರಿದ. ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿದ. ಪುಲ್ಲರ್ ಹಾಕಿ ಎಳೆದರೆ ಪುಲ್ಲರಿನ ಕಾಲೇ ಮುರಿಯಿತು. ಅಷ್ಟು ತುಕ್ಕು! ಸುತ್ತಿಗೆಯ ಒಂದೊಂದು ಏಟಿಗೂ ಬ್ಯಾಡರಹಳ್ಳಿಯ ಆ ಯಾರ್ಡಿನ ತಗಡುಗಳು ನಡುಗುತ್ತಿದ್ದವು. ನನಗೂ ಒಳಗೊಳಗೇ ಭಯ.

ಬೇಸಿಗೆಯಲ್ಲಿ, ಮಾಗಡಿ ರಸ್ತೆಯ ಇಳಿಜಾರಿನಲ್ಲಿ, ಈ ಲಾರಿಯ ಮುಂದಿನ ಎಡಚಕ್ರ ಓಡುತ್ತಿರುವಾಗಲೇ ಬಿಗಿದುಕೊಂಡಿತ್ತು. ಲಾರಿ ಮೋರಿಗೆ ಉರುಳಿತು. ಮುಂದೆ ಕೂತಿದ್ದ ಮಾಲೀಕ ಯೋಗಾನಂದ ಅಲ್ಲೇ ಸತ್ತ. ಚಾಲಕ ಮಹದೇವ್ ಬದುಕಿಕೊಂಡ. ಅದೇ ಅವನ ತಪ್ಪಾಯಿತು. ಗಾಡಿ ನೋಡಿಕೊಳ್ಳದೆ ಒಬ್ಬನನ್ನು ಕೊಂದನೆಂದು ಕೇಸು, ಶಿಕ್ಷೆಯಾದರೆ ಜೈಲು. ಅವನ ವಕೀಲೆ ನಾನು, ಸ್ಪಂದನ. ಮುಂದಿನ ಹಬ್‌ಗಳನ್ನು ಬಿಚ್ಚಿಸಲು ಕೋರ್ಟಿನ ಅನುಮತಿ ತರುವಷ್ಟರಲ್ಲಿ ಸಾಕುಬೇಕಾಗಿತ್ತು. ಜೊತೆಗೆ ಖಾಸಗಿ ಪತ್ತೇದಾರ ಚನ್ನಕೇಶವರನ್ನು ಕರೆತಂದಿದ್ದೆ. ಚಕ್ರಗಳಿಗೆ ಪೊಲೀಸರು ಹಾಕಿದ್ದ ಮೊಹರು ತೆಗೆಯಲು ಒಬ್ಬ ಎಎಸ್‌ಐ ಬಂದಿದ್ದರು.

"ನೋಡಿದ್ರಾ ಮೇಡಂ?" ಎಂದ ಸಿದ್ದಲಿಂಗೇಶ್. ಯೋಗಾನಂದನ ಪಾಲುದಾರ, ಯಾರ್ಡು ಅವನದೇ; ಅಪಘಾತದ ನಂತರ ಪೊಲೀಸರು ಲಾರಿಯನ್ನು ಅಲ್ಲೇ ಇರಿಸಿದ್ದರು. "ವರ್ಷಗಟ್ಟಲೆ ತುಕ್ಕು ಇದು. ಆ ಮಹದೇವ ಒಂದಿನಾನೂ ಗ್ರೀಸ್ ಮಾಡ್ಸಿಲ್ಲ. ರಸ್ತೆ ಮರಳೆಲ್ಲ ಒಳಗೆ ಹೋಗಿದೆ. ನಮ್ ಯೋಗಿ ಜೀವ ತೆಗೆದ್ಬಿಟ್ಟ."

ಎಎಸ್‌ಐ ತಲೆಯಾಡಿಸಿದರು. ಚಕ್ರ ಬಿಚ್ಚಿಸಿದವಳೇ ನಾನು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದೆ— ಅದೂ ನನ್ನ ಕೈಯಲ್ಲ, ಮಹದೇವನದು!

ಚನ್ನಕೇಶವರೋ ಹಬ್ಬಿನ ಕಡೆ ತಿರುಗಿಯೂ ನೋಡದೆ, ನೆಲ ನೋಡುತ್ತ ಲಾರಿಯನ್ನು ಸುತ್ತುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಸಾರ್, ಚಕ್ರ ಇಲ್ಲಿದೆ!"

"ಗೊತ್ತು ಕಣಮ್ಮ. ಯಲ್ಲಪ್ಪ, ಬಲಗಡೆದೂ ಬಿಚ್ಚು."

"ಅದ್ಯಾಕೆ?" ಸಿದ್ದಲಿಂಗೇಶ್ ಥಟ್ಟನೆ ಕೇಳಿದ.

"ನಿಮಗೇನಾದ್ರೂ ತೊಂದರೆನಾ?"

"ನನಗೇನು? ಬಿಚ್ಚಿ."

ಬಲಗಡೆಯ ಹಬ್ ನಾಲ್ಕೇಟಿಗೆ ಹೊರಬಂತು. ಒಳಗೆ ಗ್ರೀಸು ಬೆಣ್ಣೆಯ ಹಾಗಿತ್ತು. ಮರಳಿನ ಒಂದು ಕಣವೂ ಇರಲಿಲ್ಲ.

"ಒಂದೇ ಲಾರಿ, ಒಬ್ಬನೇ ಡ್ರೈವರ್," ಎಂದರು ಚನ್ನಕೇಶವ. "ಈ ಕಡೆ ಗ್ರೀಸ್ ಮಾಡ್ಸಿ ಆ ಕಡೆ ಬಿಟ್ನಾ?"

ಅಷ್ಟರಲ್ಲಿ ಪಕ್ಕದ ಮನೆಯಿಂದ ಸಿದ್ದಲಿಂಗೇಶನ ತಾಯಿ ಜಗದಾಂಬಾ ತಟ್ಟೆ ಹಿಡಿದು ಬಂದರು. ಲಾರಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಗರಿಕೆ ಕೀಳತೊಡಗಿದರು.

"ಅಮ್ಮ, ಒಳಗೋಗು!" ಮಗನ ದನಿ ಗದರುವಂತಿತ್ತು.

"ಇರಲಿ ಬಿಡಿ," ಎಂದು ಚನ್ನಕೇಶವ ಅವರ ಬಳಿ ಕೂತರು. "ದಿನಾ ಇಲ್ಲೇ ಕೀಳ್ತೀರಾ ಅಮ್ಮಾ?"

"ಹೂಂ ಕಣಪ್ಪ, ಗಣಪತಿಗೆ. ಗಾಡಿ ಬುಡದಲ್ಲಿ ಎಳೇದು ಸಿಗುತ್ತೆ."

"ಆ ಮುಂದಿನ ಎಡಚಕ್ರದ ಹತ್ರ?"

"ಮೊದ್ಲು ಅಲ್ಲೇ ಒತ್ತಾಗಿತ್ತು. ಈಗ ಒಂದೆಳೆನೂ ಇಲ್ಲ, ಸುಟ್ಟೋಗಿದೆ."

ಆಗ ನೋಡಿದೆ. ಉಳಿದ ಚಕ್ರಗಳ ಸುತ್ತ ಹಸಿರೋ ಹಸಿರು. ಎಡಚಕ್ರದ ಕೆಳಗೆ ಮಾತ್ರ ಬರಿ ನೆಲ, ಬೆಳ್ಳಗೆ ಹೆಪ್ಪುಗಟ್ಟಿದ ಮಣ್ಣು. ಬೆಳಗ್ಗಿನಿಂದ ಅದರ ಮೇಲೇ ನಿಂತಿದ್ದೆ, ಕಣ್ಣಿದ್ದೂ ಕುರುಡಿಯಾಗಿ. ಚನ್ನಕೇಶವ ಚಿಟಿಕೆ ಮಣ್ಣನ್ನು ನಾಲಗೆಗೆ ಸೋಕಿಸಿ ಉಗಿದರು.

"ಇಲ್ಲೇನು ಹಾಕ್ತಾರೆ ಅಮ್ಮಾ?"

"ಉಪ್ಪುನೀರು. ಸಾವು ಕಂಡ ಗಾಡಿ, ದೃಷ್ಟಿ ಹೋಗ್ಲಿ ಅಂತ ನಮ್ ಲಿಂಗೇಶ ದಿನಾ ಸಂಜೆ ಹಾಕ್ತಾನೆ. ಯೋಗಾನಂದ ಅಂದ್ರೆ ಅವನಿಗೆ ಪ್ರಾಣ."

"ದೃಷ್ಟಿ ಇಡೀ ಗಾಡಿಗೆ ತಾನೇ ಅಮ್ಮಾ? ಒಂದೇ ಚಕ್ರಕ್ಕೆ ಯಾಕೆ?"

ಗರಿಕೆ ಕೀಳುತ್ತಿದ್ದ ಕೈ ನಿಂತಿತು.

ಚನ್ನಕೇಶವ ಎದ್ದು ನಿಂತರು. "ಅಪಘಾತದ ಹಿಂದಿನ ರಾತ್ರಿ ಲಾರಿ ಎಲ್ಲಿತ್ತು ಸಿದ್ದಲಿಂಗೇಶ್?"

"ಇಲ್ಲೇ... ಯಾವಾಗ್ಲೂ ಇಲ್ಲೇ."

"ದಿನಾ ಯೋಗಾನಂದನ ಜೊತೆ ಹೋಗೋರು ಆವತ್ತು ಯಾಕೆ ಹತ್ತಲಿಲ್ಲ?"

"ಹೊಟ್ಟೆ ನೋವಿತ್ತು."

"ಪಾಲು ಬೇರೆ ಮಾಡ್ಕೋತೀನಿ ಅಂತ ಯೋಗಾನಂದ ಹೇಳಿದ್ದ, ಅವನ ಹೆಂಡ್ತಿನ ಕೇಳಿದೀನಿ. ಆ ರಾತ್ರಿ ನೀವು ಬೇರಿಂಗಿಗೆ ಮರಳು ತುಂಬಿದ್ರಿ. ಆಮೇಲೆ ತೆಗೆಯೋಣ ಅಂದ್ರೆ ಪೊಲೀಸರು ಚಕ್ರಕ್ಕೆ ಮೊಹರು ಹಾಕ್ಬಿಟ್ಟಿದ್ರು. ಬಿಚ್ಚೋ ಹಾಗಿಲ್ಲ. ಸರಿ, ಬೇರೆ ಯಾರೂ ಬಿಚ್ಚಬಾರ್ದು, ಬಿಚ್ಚಿದ್ರೂ ಹಳೇ ತುಕ್ಕು ಅನ್ಬೇಕು. ಅದಕ್ಕೆ ಉಪ್ಪುನೀರು. ಕೇಳಿದೋರಿಗೆ ದೃಷ್ಟಿ ಅಂದ್ರೆ ಮುಗೀತು, ಯಾರು ಬೇಡ ಅಂತಾರೆ? ತುಕ್ಕು ನೀವು ಅಂದ್ಕೊಂಡ ಹಾಗೇ ಬಂತು. ಗರಿಕೆನ ಮಾತ್ರ ಮರೆತ್ರಿ."

ಸಿದ್ದಲಿಂಗೇಶ್ ಗೇಟಿನತ್ತ ಒಂದು ಹೆಜ್ಜೆ ಇಟ್ಟ. ಎಎಸ್‌ಐ ಅವನ ರಟ್ಟೆ ಹಿಡಿದರು.

"ಅಮ್ಮ, ಇವರು ಸುಳ್ಳು ಹೇಳ್ತಿದಾರೆ..."

ಜಗದಾಂಬಾ ಅಳಲಿಲ್ಲ. ತಟ್ಟೆಯಲ್ಲಿದ್ದ ಗರಿಕೆಯನ್ನೇ ನೋಡುತ್ತಿದ್ದರು.

"ಯೋಗಾನಂದನ ಹೆಂಡ್ತಿ ಮಕ್ಕಳನ್ನ ಕಾಪಾಡಪ್ಪಾ ಅಂತ ಇದೇ ಗರಿಕೆ ಇಟ್ಟು ಬೇಡ್ಕೊಂಡೆನಲ್ಲೋ, ಪಾಪಿ," ಎಂದರು. ತಟ್ಟೆಯನ್ನು ಆ ಬರಿ ನೆಲದ ಮೇಲೆ ಬೋರಲು ಹಾಕಿ, ಗೋಡೆ ಹಿಡಿದುಕೊಂಡು ಮನೆಯತ್ತ ಹೊರಟರು.

ನಾನು ಮಹದೇವನ ತಾಯಿಗೆ ಫೋನ್ ಮಾಡಬೇಕಿತ್ತು. ಮಗ ಉಳಿದ ಎಂದು ಹೇಳಬೇಕಿತ್ತು. ಈ ತಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೂ ಫೋನ್ ಕೈಯಲ್ಲೇ ಹಿಡಿದು ನಿಂತಿದ್ದೆ.