ಹುಣಸೆತೋಪಿನ ವೋಟು

ಕೊಡಲಿಯ ಹಿಡಿ ಮಾಯಣ್ಣನ ಹೆಗಲಿಗೆ ಬಿದ್ದಾಗ ಪುಟ್ಟಗೌರಮ್ಮ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು.

ಸದ್ದಿಗೆ ತಲೆ ಎತ್ತಿದಳು. ಎದುರಿನ ಹುಣಸೆತೋಪಿನಲ್ಲಿ ಅವಳ ಅಣ್ಣ ಕರಿಯಪ್ಪನ ಆಳುಗಳು ಮರ ಕಡಿಯಲು ಬಂದು ನಿಂತಿದ್ದರು. ಮರಕ್ಕೆ ಬೆನ್ನು ಕೊಟ್ಟು ಒಬ್ಬನೇ ಒಬ್ಬ ಅಡ್ಡ ನಿಂತಿದ್ದ. ಅವನ ಅಂಗಿ ಹರಿದಿತ್ತು, ರಕ್ತ ಮೊಣಕೈವರೆಗೂ ಇಳಿದಿತ್ತು.

"ಪಕ್ಕಕ್ಕೆ ಸರಿಲಾ," ಎಂದ ಆಳುಗಳ ಮುಂದಾಳು ಹುಚ್ಚಣ್ಣ. "ಈ ಕಿತ ಹಿಡಿ ಅಲ್ಲ, ಕೊಡ್ಲಿ ಬಾಯೇ ಬೀಳ್ತದೆ ನಿನ್ ಕುತ್ಗೆಗೆ."

"ಬೀಳ್ಲಿ ಬುಡು. ಮರ ಬೀಳೋಕಿಂತ ಅದೇ ವಾಸಿ."

ಕೊಡಲಿ ಮೇಲೆದ್ದಿತು. ಪುಟ್ಟಗೌರಮ್ಮ ಮೊರದ ಸಮೇತ ಓಡಿದಳು. ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ... ರಾಗಿಯ ಹೊಟ್ಟನ್ನೆಲ್ಲ ಹುಚ್ಚಣ್ಣನ ಕಣ್ಣಿಗೆ ಎರಚಿಬಿಟ್ಟಳು. ಧಣಿಯ ತಂಗಿ, ಮೈಮುಟ್ಟುವ ಹಾಗಿಲ್ಲ. ಕಣ್ಣುಜ್ಜಿಕೊಂಡು, ಬೈದುಕೊಂಡು ಅವರೆಲ್ಲ ಹೊರಟುಹೋದರು.

ಅವಳು ಸೆರಗು ಹರಿದು ಅವನ ಹೆಗಲಿಗೆ ಕಟ್ಟಿದಳು.

"ಯಾರವ್ವಾ ನೀನು?"

"ಈ ಮರ ಕಡಿಸ್ತಾ ಇರೋರ ತಂಗಿ."

ಅಷ್ಟು ನೋವಿನಲ್ಲೂ ಮಾಯಣ್ಣ ನಕ್ಕ. "ಅಂಗಾರೆ ಬಿಗಿಯಾಗಿ ಕಟ್ಟವ್ವ. ಮುನ್ಸಿಪಾಲ್ಟಿ ಎಲೆಕ್ಷನ್ನಿಗೆ ನಿಮ್ಮಣ್ಣನ ಎದುರಿಗೆ ನಾನೇ ನಿಂತ್ಕೋತಾ ಇವ್ನಿ."

ಪ್ರೀತಿ ಹುಟ್ಟಲು ಬೆಳದಿಂಗಳು ಬೇಕು ಎನ್ನುವವರು ನಾಗಮಂಗಲದ ಕಡೆಗೆ ತಲೆ ಹಾಕಿಲ್ಲ ಬಿಡಿ. ನಮ್ಮಲ್ಲಿ ಅದು ಮಟಮಟ ಮಧ್ಯಾಹ್ನ, ರಾಗಿ ಹೊಟ್ಟಿನ ಧೂಳಿನಲ್ಲಿ ಹುಟ್ಟಿತು.

ಆ ತೋಪಿನ ನೆರಳಿನಲ್ಲೇ ಊರಿನ ಸಂತೆ. ಹಿತ್ತಾಳೆ ಪಾತ್ರೆಯವರು, ಎಲೆಅಡಿಕೆಯವರು, ರಾಗಿ ಮೂಟೆ ಇಳಿಸುವ ಹಳ್ಳಿಯವರು, ಎಲ್ಲರಿಗೂ ಅಜ್ಜನ ಕಾಲದಿಂದ ಒಂದೊಂದು ಮರದ ಬುಡ. ಕರಿಯಪ್ಪ ಆಗಲೇ ಪುರಸಭೆಯ ಮೆಂಬರು. ತೋಪು ಬೋಳಿಸಿ, ಸಂತೆಯನ್ನು ಊರಾಚೆಗೆ ತಳ್ಳಿ, ಆ ಜಾಗದಲ್ಲಿ ಮೋಟಾರು ಸ್ಟ್ಯಾಂಡು ಮಾಡಿಸಿ, ಪಕ್ಕದಲ್ಲೇ ತನ್ನದೊಂದು ಮಿಲ್ಲು ಹಾಕಬೇಕೆಂದು ಹಟ ಹಿಡಿದಿದ್ದ. ಎಲೆಕ್ಷನ್ನಿಗೆ ಮುಂಚೆಯೇ ಕೊಡಲಿ ಕಳಿಸಿದವನು ಇನ್ನೊಂದು ಸಲ ಗೆದ್ದರೆ ತೋಪು ಉಳಿಯುವುದಿಲ್ಲ. ತೆಂಗಿನಕಾಯಿ ಮಂಡಿಯ ಮಾಯಣ್ಣ ನಿಂತದ್ದು ಅದಕ್ಕೇ.

ಪುಟ್ಟಗೌರಮ್ಮನ ಕಥೆ ಬೇರೆ. ಗೊತ್ತಾಗಿದ್ದ ಗಂಡು ಮದುವೆಗೆ ಮುಂಚೆಯೇ ಪ್ಲೇಗಿನಲ್ಲಿ ಹೋದ. ಕಾಲ್ಗುಣ ಸರಿಯಿಲ್ಲ ಎಂದರು ಜನ. ಆಮೇಲೆ ಯಾರೂ ಹೆಣ್ಣು ಕೇಳಿಕೊಂಡು ಬರಲಿಲ್ಲ. ಅಜ್ಜಿ ಬರೆದುಕೊಟ್ಟ ಮನೆಯಲ್ಲಿ ಒಬ್ಬಳೇ ಇದ್ದಳು. ಕಂದಾಯ ಕಟ್ಟುವವರಿಗಷ್ಟೇ ವೋಟಿದ್ದ ಕಾಲ ಅದು; ಮನೆಗಂದಾಯ ಅವಳ ಹೆಸರಿನಲ್ಲೇ ಇದ್ದುದರಿಂದ ಅವಳಿಗೂ ಒಂದು ವೋಟಿತ್ತು.

ಸಂತೆಯ ದಿನ ಮಾಯಣ್ಣ ಅವಳ ಜಗಲಿಯ ಮೇಲೊಂದು ಎಳನೀರು ಇಟ್ಟು ಹೋಗುತ್ತಿದ್ದ.

"ಇದ್ಯಾಕೆ?" ಎಂದು ಒಮ್ಮೆ ಕೇಳಿದಳು.

"ಸೆರಗಿನ ಋಣ."

"ಋಣ ಯಾವಾಗ ತೀರ್ತದೆ?"

"ತೀರಿಸೋ ಮನ್ಸಿಲ್ಲ ಗೌರಿ."

ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. *ಇವರೇ ನನ್ನ ಗಂಡ... ತಾಳಿ ಯಾವತ್ತಾದರೂ ಬೀಳಲಿ.* ಅಂದಿನಿಂದ ಅವನ ಹೆಸರು ಅವಳ ನಾಲಿಗೆಗೆ ಬರದಾಯಿತು. ಗಂಡನ ಹೆಸರು ಬಾಯಲ್ಲಿ ಆಡಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಮೊದಲೇ ಒಬ್ಬನನ್ನು ಕಳೆದುಕೊಂಡವಳು. ಭಯ ಇರದೆ ಇರುತ್ತದೆಯೇ?

ಎಲೆಕ್ಷನ್ನು ಹತ್ತಿರ ಬಂದಾಗ ಕರಿಯಪ್ಪ ಸಂತೆಯ ನಡುವೆ ನಿಂತು ಸಾರಿದ. "ಆ ಕಾಯಿ ಮಾರೋನ ಹೆಸ್ರು ಯಾರ ಬಾಯಲ್ಲಿ ಬತ್ತದೋ ಅವ್ರ ಹಲ್ಲು ಅಲ್ಲೇ ಉದುರ್ತವೆ."

ಮರುದಿನವೇ ಹುಚ್ಚಣ್ಣನ ಗುಂಪು ಮಾಯಣ್ಣನನ್ನು ತೋಪಿನಲ್ಲಿ ಅಡ್ಡಗಟ್ಟಿತು. ದೊಣ್ಣೆಯಿಂದ ಹೊಡೆದರು, ಬಿದ್ದವನನ್ನು ಒದ್ದರು. ಹುಚ್ಚಣ್ಣ ಅವನ ಎಡಗೈಯನ್ನು ಮರದ ಬೇರಿನ ಮೇಲಿಟ್ಟು ಕಲ್ಲು ಎತ್ತಿಹಾಕಿದ. ಮೂಳೆ ಮುರಿದ ಸದ್ದು ಜಗಲಿಯವರೆಗೂ ಕೇಳಿಸಿತು. ಕಣ್ಣಾರೆ ಕಂಡವಳು ಪುಟ್ಟಗೌರಮ್ಮ ಒಬ್ಬಳೇ.

ಊರ ಯಜಮಾನ ದೇವಯ್ಯ ಚಾವಡಿಯಲ್ಲಿ ನ್ಯಾಯ ಸೇರಿಸಿದ. ಕೈಗೆ ಬಿದಿರುದಬ್ಬೆ ಕಟ್ಟಿಸಿಕೊಂಡು ಮಾಯಣ್ಣ ಗೋಡೆಗೊರಗಿ ಕೂತಿದ್ದ. ಅವಳನ್ನು ನೋಡಿ ಅವನ ಮುಖ ಅರಳಿತು.

"ಚಾವಡಿ ರೂಢಿ ಗೊತ್ತಲ್ಲವ್ವ, ಹೊಡ್ದೋರ್ದು, ಹೊಡಿಸ್ಕೊಂಡೋರ್ದು ಹೆಸರಿಟ್ಟು ಹೇಳ್ಬೇಕು, ಬೆಟ್ಟು ತೋರ್ಸಂಗಿಲ್ಲ," ಎಂದ ದೇವಯ್ಯ. "ಯಾರಿಗೆ ಹೊಡದ್ರು?"

ಅವಳು ಬಾಯಿ ತೆರೆದಳು. *ಈಗ ಹೇಳಿಬಿಟ್ಟರೆ... ಅವರಿಗೇನಾದರೂ ಆದರೆ?*

"ಅದೇ... ಮಂಡಿಯವ್ರಿಗೆ..."

"ಮಂಡಿಯವ್ರು ಬೇಕಾದಷ್ಟು ಜನ ಅವ್ರೆ. ಹೆಸ್ರು?"

ಹೆಸರು ಹೊರಗೆ ಬರಲಿಲ್ಲ. ಕರಿಯಪ್ಪ ಎದ್ದು ಅವಳ ರಟ್ಟೆ ಹಿಡಿದ. "ನಮ್ ತಂಗಿ ಏನೂ ನೋಡಿಲ್ಲ ಯಜಮಾನ್ರೇ," ಎನ್ನುತ್ತ ದರದರನೆ ಎಳೆದುಕೊಂಡು ಹೋದ. ಸಾಕ್ಷಿ ಇಲ್ಲವೆಂದು ನ್ಯಾಯ ಮುರಿಯಿತು.

ಹುಚ್ಚು ಹುಡುಗಿ. ಆಯಸ್ಸು ಉಳಿಸಲು ಹೋಗಿ ಆಸೆಯನ್ನೇ ಮುರಿದಳು.

ಸಂಜೆ ಕೊಬ್ಬರಿಎಣ್ಣೆ ಬಿಸಿ ಮಾಡಿಕೊಂಡು ಮಂಡಿಗೆ ಹೋದರೆ ಮಾಯಣ್ಣ ಮುಖ ತಿರುಗಿಸಿದ.

"ನನ್ನ ಹೆಸ್ರು ಎತ್ತೋಕೂ ಆಗ್ದೋರ ಎಣ್ಣೆ ನಂಗ್ಯಾಕೆ? ರಕ್ತ ರಕ್ತವ ಬುಟ್ಟುಕೊಡಕಿಲ್ಲ ಅಂತ ಗೊತ್ತಾಯ್ತು. ಹೋಗು."

"ನನ್ನ ಮಾತ..."

"ಹೋಗು ಅಂದೆ."

ಹೇಳಬೇಕಾದ ಮಾತೆಲ್ಲ ಅಳುವಾಗಿ ಬಂತು. ಅಳುತ್ತ ಮಾತಾಡಲು ಅವಳಿಗೆ ಬರುತ್ತಿರಲಿಲ್ಲ.

ವೋಟಿನ ದಿನ ಬೆಳಿಗ್ಗೆ ಕರಿಯಪ್ಪ ಅವಳ ಮನೆಗೆ ಬಂದ.

"ನನ್ನ ಹೆಸ್ರು ಹೇಳಿ ಬಾ."

"ಇಲ್ಲ ಅಣ್ಣಯ್ಯ."

ಕೆನ್ನೆಗೆ ಬಿದ್ದ ಏಟಿಗೆ ತುಟಿ ಒಡೆಯಿತು. ಅವಳು ಒರೆಸಿಕೊಳ್ಳಲೂ ಇಲ್ಲ. ಸೀರೆ ಸರಿಮಾಡಿಕೊಂಡು ಹೊರಟಳು.

ತೋಪಿನ ಪಕ್ಕದ ಸ್ಕೂಲಿನಲ್ಲಿ ವೋಟು, ಅವತ್ತೇ ಸಂತೆ ಕೂಡ. ಓದುಬರಹ ಬಾರದವರು ಅಧಿಕಾರಿಯ ಮೇಜಿನ ಮುಂದೆ ನಿಂತು ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಬಾಗಿಲಿಂದ ತುಸು ದೂರದಲ್ಲಿ ಹುಚ್ಚಣ್ಣ ದೊಣ್ಣೆ ಊರಿಕೊಂಡು ಕಿವಿಗೊಟ್ಟು ನಿಂತಿದ್ದ. ಬೆಳಿಗ್ಗೆ 'ಮಾಯಣ್ಣ' ಎಂದಿದ್ದ ಪಾತ್ರೆ ಮಾಡುವ ಚೌಡಯ್ಯ ಹೊರಗೆ ಬಂದ ಕೂಡಲೇ ಹಲ್ಲು ಮುರಿಸಿಕೊಂಡಿದ್ದ. ಆಮೇಲೆ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಸಂತೆಯವರೆಲ್ಲ ತೋಪಿನಲ್ಲೇ ತಲೆತಗ್ಗಿಸಿ ಕೂತಿದ್ದರು. ಅಂಗಳದಲ್ಲಿ ಮಾಯಣ್ಣ ಒಬ್ಬನೇ ನಿಂತಿದ್ದ.

"ಯಾರಿಗಮ್ಮ ನಿಮ್ಮ ವೋಟು?" ಅಧಿಕಾರಿ ಕೇಳಿದರು.

ಹೊರಗಿನಿಂದ ಕರಿಯಪ್ಪ ನಕ್ಕ. "ಅವ್ಳು ಅವ್ನ ಹೆಸ್ರು ಎತ್ತಕಿಲ್ಲ ಸ್ವಾಮಿ. ಚಾವಡೀಲೇ ಎತ್ತಿಲ್ಲ. ನಂದೇ ಬರ್ಕೊಳಿ."

"ಅವರೇ ಹೇಳಬೇಕು," ಎಂದರು ಅಧಿಕಾರಿ.

ಪುಟ್ಟಗೌರಮ್ಮ ತಿರುಗಿ ಅಂಗಳದತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಸ್ವಾಮಿ, ಗಂಡನ ಹೆಸ್ರ ಹೇಳ್ಬಾರ್ದು ಅಂತ ನಮ್ಮಜ್ಜಿ ಹೇಳ್ಕೊಟ್ಟವ್ಳೆ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಚಾವಡೀಲಿ ಅದ್ಕೇ ನನ್ನ ಬಾಯಿ ಕಟ್ಟೋಯ್ತು. ತಾಳಿ ಇನ್ನೂ ಬಿದ್ದಿಲ್ಲ. ಮನ್ಸಲ್ಲಿ ಬಿದ್ದು ಬಾಳ ದಿನ ಆಯ್ತು. ಇವತ್ತು ಒಂದೇ ಒಂದ್ಸಲ ಹೇಳ್ತೀನಿ. ಆಮ್ಯಾಕೆ ಸಾಯಿಸಿದ್ರೂ ಹೇಳಕಿಲ್ಲ."

ಒಡೆದ ತುಟಿಯಲ್ಲೇ ಹೇಳಿದಳು.

"ಮಾಯಣ್ಣ."

ಮಾಯಣ್ಣ ತಲೆ ಎತ್ತಿದ. ಅವಳು ಬಾಗಿಲು ದಾಟಿದ್ದೇ ತಡ, ಕರಿಯಪ್ಪ ಹುಚ್ಚಣ್ಣನ ಕೈಯಿಂದ ದೊಣ್ಣೆ ಕಿತ್ತುಕೊಂಡು ತಂಗಿಯ ತಲೆಗೆ ಬೀಸಿದ. ಏಟು ಬಿದ್ದದ್ದು ಓಡಿಬಂದ ಮಾಯಣ್ಣನ ನೆತ್ತಿಗೆ. ರಕ್ತ ಕಣ್ಣಿಗಿಳಿಯಿತು. ಸರಿಯಿದ್ದ ಒಂದು ಕೈಯಲ್ಲೇ ಅವನು ದೊಣ್ಣೆ ಹಿಡಿದುಕೊಂಡ, ಬಿಡಲಿಲ್ಲ. ಹುಚ್ಚಣ್ಣ ಹೊಟ್ಟೆಗೆ ಒದ್ದರೂ ಬಿಡಲಿಲ್ಲ.

ಆಗ ತೋಪಿನಿಂದ ಎಲೆಅಡಿಕೆಯ ತಿಮ್ಮಮ್ಮ ಎದ್ದಳು. "ಹೆಣ್ಮಗಳು ಗಂಡನ ಹೆಸ್ರೇ ಹೇಳ್ಬುಟ್ಳು. ನಿಮ್ಗೇನ್ರೋ ಬಂದಿರೋದು ದಾಡಿ?"

ಸಂತೆಯೇ ಎದ್ದು ಬಂತು. ಹಿತ್ತಾಳೆಯವರ ಸುತ್ತಿಗೆ, ರಾಗಿಯವರ ನೊಗದ ಗೂಟ, ಕೈಗೆ ಸಿಕ್ಕಿದ್ದು. ಹುಚ್ಚಣ್ಣ ಮಂಡಿ ಮುರಿದು ಬಿದ್ದ. ಕರಿಯಪ್ಪ ರುಮಾಲು ಬಿಟ್ಟು ಓಡಿದ. ಆಮೇಲೆ ವೋಟಿದ್ದವರೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋಗಿ ಅದೇ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಬಂದರು.

ಎಣಿಕೆಯಲ್ಲಿ ಮಾಯಣ್ಣ ಗೆದ್ದ, ತೋಪು ಉಳಿಯಿತು.

ಸಂಜೆ ಅವಳ ಜಗಲಿಯ ಮೇಲೆ ಹೊಸ ಮೆಂಬರು ತಲೆಗೆ ಕಟ್ಟು ಕಟ್ಟಿಸಿಕೊಳ್ಳುತ್ತಿದ್ದ. ಇನ್ನೊಂದು ಸೀರೆಯ ಸೆರಗೂ ಹೋಯಿತು.

"ಅವತ್ತು ಹೋಗು ಅಂದ್ಬುಟ್ಟೆ. ತಪ್ಪಾಯ್ತು ಗೌರಿ."

"ಅಲ್ಲಾಡ್ಬೇಡಿ. ಕಟ್ಟು ಬಿಚ್ಕೋತದೆ."

"ಇನ್ನೊಂದ್ಸಲ ಹೇಳು."

"ಏನ?"

"ನನ್ನ ಹೆಸ್ರ."

"ಆಗಕಿಲ್ಲ. ಇದ್ದಿದ್ದು ಒಂದೇ ಸಲ. ಅದು ವೋಟಿಗೆ ಹೋಯ್ತು."

"ಅಂಗಾದ್ರೆ ಇನ್ಮ್ಯಾಕೆ ನನ್ನ ಏನಂತ ಕರೀತೀಯ?"

ಅವಳು ಗಂಟು ಬಿಗಿದು, ಅವನ ಹೆಗಲಿಗೆ ಮೆಲ್ಲಗೆ ಹಣೆ ಆನಿಸಿದಳು.

"ಕರೆಯೋದ್ಯಾಕೆ? ಪಕ್ಕದಲ್ಲೇ ಇರ್ತೀರಲ್ಲ."