ಅವನು ಮಾಡಿಕೊಟ್ಟ ಸ್ಕೀ

"ಅವನ್ನ ಮುಟ್ಟಬೇಡ."

ಬಾಗಿಲಲ್ಲಿ ನಿಂತು ಆನಿಕ್ ಹೇಳಿದ ಮೊದಲ ಮಾತು ಅದು.

ಗೋಡೆಯ ಗೂಟದಿಂದ ಸ್ಕೀ ಜೋಡಿಯನ್ನು ಇಳಿಸಲು ಕೈ ಎತ್ತಿದ್ದ ಗಂಡಸು ಹಾಗೇ ನಿಂತ. ತಿರುಗಿ ನೋಡಲಿಲ್ಲ. ಆ ದನಿಯನ್ನು ಅವನು ನಿದ್ದೆಗಣ್ಣಲ್ಲೂ ಗುರುತು ಹಿಡಿಯುತ್ತಿದ್ದ.

"ನಾನು ಮಾಡಿದ್ದನ್ನ ನಾನು ಮುಟ್ಟೋಕೂ ನಿನ್ನ ಅಪ್ಪಣೆ ಬೇಕಾ?"

ಟೋಬಿನ್...

ಮೊನಾಶಿ ಪರ್ವತಗಳ ನಡುವಿನ ಆ ಲಾಡ್ಜ್‌ಗೆ ಚಳಿಗಾಲದಲ್ಲಿ ರಸ್ತೆಯಿಲ್ಲ. ಶನಿವಾರದ ಹೆಲಿಕಾಪ್ಟರ್ ಹಳೆಯ ಅತಿಥಿಗಳನ್ನು ಒಯ್ದು ಹೊಸಬರನ್ನು ಇಳಿಸುತ್ತದೆ. ಅವರನ್ನು ಬೆಟ್ಟದ ನೆತ್ತಿಯಿಂದ ಸ್ಕೀ ಮೇಲೆ ಕೆಳಕ್ಕೆ ಕರೆತರುವ ಗೈಡ್‌ಗಳಲ್ಲಿ ಆನಿಕ್ ಒಬ್ಬಳು. ಸ್ಕೀ ರಿಪೇರಿಯವನು ಕೆಲಸ ಬಿಟ್ಟಿದ್ದ, ಈ ವಾರ ಬೇರೊಬ್ಬ ಬರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರು ಎಂದು ಅವಳು ಕೇಳಿರಲಿಲ್ಲ. ಕೇಳಿದ್ದರೆ ಅಂದೇ ರಜೆ ಹಾಕಿ ಕೆಳಗಿಳಿಯುತ್ತಿದ್ದಳೇನೋ.

"ನೀನು ಇಲ್ಲಿಗ್ಯಾಕೆ ಬಂದೆ?"

"ಕೆಲಸಕ್ಕೆ. ಹೊಟ್ಟೆಪಾಡು." ಅವನು ಈಗ ತಿರುಗಿದ. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. "ಎಷ್ಟು ಧೂಳು ಹಿಡಿದಿದೆ ನೋಡು. ಒಂದು ಬಟ್ಟೆನಾದ್ರೂ ಮುಚ್ಚಬಾರದಿತ್ತಾ?"



ಆ ಸ್ಕೀಗಳ ಕಥೆ ಲಾಡ್ಜ್‌ನಲ್ಲಿ ಎಲ್ಲರಿಗೂ ಗೊತ್ತು. ಕೆಳಗಿನ ಊರಿನಲ್ಲಿ ಟೋಬಿನ್‌ನದು ಒಂದು ಶೆಡ್. ಅಲ್ಲಿ ಅವನು ಕೈಯಾರೆ ಸ್ಕೀ ಮಾಡುತ್ತಿದ್ದ. ತನ್ನ ಅಜ್ಜಿಯ ಮನೆಯ ಹಿಂದಿನ ಆ್ಯಶ್ ಮರ ಗಾಳಿಗೆ ಬಿದ್ದಾಗ ಅದರ ಒಂದು ಹಲಗೆಯನ್ನೂ ಮಾರಲಿಲ್ಲ. ಆನಿಕ್ ಗೈಡ್ ಪರೀಕ್ಷೆ ಪಾಸಾದ ದಿನ ಆ ಮರ ಸ್ಕೀ ಆಗಿ ಅವಳ ಕಾಲ ಬುಡಕ್ಕೆ ಬಂದಿತ್ತು. ತುದಿಯಲ್ಲಿ ಅವನೇ ಬಿಡಿಸಿದ ಒಂದು ಪುಟ್ಟ ಬೂದು ಹಕ್ಕಿ. ಬೆಟ್ಟದ ಮೇಲೆ ಬುತ್ತಿ ಬಿಚ್ಚಿದಾಗಲೆಲ್ಲ ಅವಳ ಅಂಗೈಗೇ ಬಂದು ಕೂರುವ ಹಕ್ಕಿ ಅದು.

ಅಂಥ ಸ್ಕೀಗಳು ಈಗ ಗೂಟದ ಮೇಲೆ. ಅವಳ ಕಾಲಲ್ಲಿ ಲಾಡ್ಜ್‌ನ ಸ್ಕೀ, ಅತಿಥಿಗಳಿಗೆಲ್ಲ ಕೊಡುವಂಥದ್ದೇ. ಗೈಡ್ ಆದವರು ಯಾರೂ ಅವನ್ನು ಹಾಕುವುದಿಲ್ಲ.

*ಯಾಕೆ ಅಂತ ಕೇಳಬೇಡ ಟೋಬಿನ್... ಒಂದೇ ಒಂದು ಸಲ ಕೇಳಿಬಿಟ್ಟರೂ ನಾನು ಉಳಿಯಲ್ಲ.*

ಅವನು ಕೇಳಲಿಲ್ಲ. ಅದಕ್ಕೂ ಅವಳಿಗೆ ಅಳು ಬಂತು. ಹೆಣ್ಣಿನ ಮನಸ್ಸು ಎಂದು ನಗಬೇಡಿ, ಗಾಯ ಇರುವ ಯಾವ ಮನಸ್ಸಾದರೂ ಹೀಗೇ.

ಅಷ್ಟರಲ್ಲಿ ಅತಿಥಿಗಳು ಒಳಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಇನ್ಸ್‌ಬ್ರುಕ್‌ನ ಹಲ್ಲಿನ ಡಾಕ್ಟರ್ ರೈನ್‌ಹಾರ್ಟ್, ಹೆಗಲ ಮೇಲೆ ಸ್ವಂತ ಸ್ಕೀ.

"ಇವನ್ನ ಹಾಕ್ಕೊಂಡು ಆಲ್ಪ್ಸ್ ಪೂರ್ತಿ ಇಳಿದಿದ್ದೀನಿ. ಇಲ್ಲೀತನಕ ಹೊತ್ಕೊಂಡು ಬಂದಿರೋದು ಗೋಡೆಗೆ ಒರಗಿಸಿಡೋಕಲ್ಲ."

"ಹೊತ್ತಿದ್ದು ವಿಮಾನ ಅಲ್ವಾ ಡಾಕ್ಟ್ರೇ?" ಎಂದಳು ಆನಿಕ್. ಎಲ್ಲರೂ ನಕ್ಕರು. ಅವಳು ಸ್ಕೀಯ ಅಗಲಕ್ಕೆ ಬೆರಳಿಟ್ಟು ತೋರಿಸಿದಳು. "ಇದು ಸಪೂರ. ಗಟ್ಟಿ ಹಿಮಕ್ಕೆ ಮಾಡಿದ್ದು. ಇಲ್ಲಿ ಸೊಂಟದ ತನಕ ಮೆತ್ತನೆ ಹಿಮ, ಮುಳುಗಿ ಹೋಗ್ತೀರಿ. ನಿಮ್ಮನ್ನ ಅಗೆದು ತೆಗೆಯೋ ತನಕ ಮಿಕ್ಕವರೆಲ್ಲ ಚಳೀಲಿ ಕಾಯಬೇಕು. ಲಾಡ್ಜ್‌ದು ಅಗಲ, ತೇಲುತ್ತೆ. ನೀವು ತಪ್ಪು ಮಾಡಿದ್ರೂ ಕ್ಷಮಿಸುತ್ತೆ."

"ಆದ್ರೆ ಇದು ನನ್ನದು..."

"ಸ್ವಂತದ್ದು ಅಂದ್ರೆ ಪ್ರೀತಿ ಇರುತ್ತೆ, ಗೊತ್ತು. ಬರೀ ಪ್ರೀತಿ ಇದ್ರೆ ಸಾಕಾ ಡಾಕ್ಟ್ರೇ? ಕೆಲಸಕ್ಕೆ ಬರಬೇಕಲ್ಲ."

ಅಂದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಹಿಂದೆ ಮೇಜಿನ ಬಳಿ ಸ್ಕೀ ಅಂಚು ಉಜ್ಜುತ್ತಿದ್ದ ಅರದ ಸದ್ದು ನಿಂತಿತ್ತು. ಟೋಬಿನ್ ತಲೆ ಎತ್ತದೆ ಡಾಕ್ಟರ್ ಕಡೆ ಕೈ ಚಾಚಿದ.

"ಕೊಡಿ ಸಾರ್, ಗೂಟಕ್ಕೆ ಹಾಕ್ತೀನಿ. ಅಲ್ಲಿ ಇನ್ನೊಂದು ಜೊತೆ ಇದೆ, ನಿಮ್ಮದಕ್ಕೆ ಬೇಜಾರಾಗಲ್ಲ."

ಆ ಸಂಜೆ ಆನಿಕ್ ಕೋಣೆಯ ಬಾಗಿಲು ಹಾಕಿಕೊಂಡು ಎಡ ಮೊಣಕಾಲಿಗೆ ಐಸ್ ಚೀಲ ಕಟ್ಟಿದಳು. ಮೊಣಕಾಲು ಊದಿಕೊಂಡಿತ್ತು. ಎರಡು ಚಳಿಗಾಲದಿಂದ ಅವಳು ಬಚ್ಚಿಟ್ಟಿದ್ದ ಗುಟ್ಟು ಇದೇ. ಎಲುಬಿನ ನಡುವಿನ ಮೆತ್ತೆ ಸವೆದು ಹೋಗಿದೆ, ಇನ್ನು ಸ್ಕೀ ಬೇಡ ಎಂದು ಕೆಲೋನಾದ ಡಾಕ್ಟರ್ ಹೇಳಿದ್ದರು. ಟೋಬಿನ್ ಮಾಡಿದ ಸ್ಕೀ ಗಟ್ಟಿಮುಟ್ಟು. ಅವಳ ಹಳೆಯ ಕಾಲಿನ ಬಲಕ್ಕೆ ಅಳತೆ ಹಾಕಿ ಮಾಡಿದ್ದು. ಅದನ್ನು ತಿರುಗಿಸಲು ಈಗ ಅವಳ ಮೊಣಕಾಲಲ್ಲಿ ಕಸುವಿಲ್ಲ. ಲಾಡ್ಜ್‌ನ ಸ್ಕೀ ಮಣಿಯುತ್ತದೆ, ನೋವನ್ನು ಮುಚ್ಚಿಕೊಡುತ್ತದೆ.

ಅವನಿಗೆ ಹೇಳಿದ್ದರೆ? ಬಿಟ್ಟುಬಿಡು ಎನ್ನುತ್ತಿದ್ದ. ಬೆಟ್ಟ ಬಿಟ್ಟರೆ ಆನಿಕ್ ಅನ್ನುವವಳು ಯಾರು? ಅದು ಅವಳಿಗೇ ಗೊತ್ತಿರಲಿಲ್ಲ.

ಹೋದ ವರ್ಷ ಅವಳ ಹುಟ್ಟುಹಬ್ಬದ ದಿನ ಟೋಬಿನ್ ಹೇಳದೆ ಕೇಳದೆ ಇಲ್ಲಿಗೆ ಬಂದಿದ್ದನಂತೆ. ಬಂದ ಹೆಲಿಕಾಪ್ಟರಿನಲ್ಲೇ ವಾಪಸ್ ಹೋದನಂತೆ. ಅಡುಗೆಯವಳು ಹೇಳಿದ್ದು. ಆಮೇಲೆ ಒಂದು ಫೋನ್ ಇಲ್ಲ. ಇವಳೂ ಮಾಡಲಿಲ್ಲ.

*ನನ್ನ ಮುಖ ಕೂಡ ನೋಡದೆ ಹೋದ... ಅಷ್ಟು ಸಾಕಾಗಿತ್ತಾ ನಾನು?*

ಮರುದಿನ ಆಕಾಶ ಮುಚ್ಚಿತ್ತು. ಎತ್ತರದಲ್ಲಿ ಏನೂ ಕಾಣದು ಎಂದು ಹೆಲಿಕಾಪ್ಟರ್ ಆನಿಕ್ ಮತ್ತು ಅವಳ ಅತಿಥಿಗಳನ್ನು ಕಾಡಿನ ಇಳಿಜಾರಿನ ನೆತ್ತಿಯಲ್ಲಿ ಇಳಿಸಿತು. ಕಾಡಿನೊಳಗೆ ಒಬ್ಬೊಬ್ಬರೇ ಹೋಗುವಂತಿಲ್ಲ, ಜೋಡಿಯಾಗಿಯೇ ಹೋಗಬೇಕು. ರೈನ್‌ಹಾರ್ಟ್‌ಗೆ ಕ್ಯಾಲ್ಗರಿಯ ಒಬ್ಬ ಹೆಂಗಸು ಜೋಡಿ. ಆನಿಕ್ ಮುಂದೆ ಇಳಿದು, ಕೆಳಗೆ ನಿಂತು ಬಂದವರನ್ನು ಎಣಿಸುತ್ತಿದ್ದಳು.

ಮೇಲಿನಿಂದ ಅಪಾಯದ ಸೀಟಿ ಕೇಳಿತು. ನಿಲ್ಲದೆ ಮತ್ತೆ ಮತ್ತೆ.

ದೊಡ್ಡ ಮರಗಳ ಬುಡದಲ್ಲಿ ಹಿಮದ ನಡುವೆ ಗುಂಡಿ ಇರುತ್ತದೆ. ಅದರಲ್ಲಿ ತಲೆಕೆಳಗಾಗಿ ಬಿದ್ದವರಿಗೆ ಉಸಿರು ಹೆಚ್ಚು ಹೊತ್ತು ಉಳಿಯುವುದಿಲ್ಲ. ಆನಿಕ್ ಸ್ಕೀ ಬಿಚ್ಚಿ ಎಸೆದು ಮೇಲಕ್ಕೆ ಏರತೊಡಗಿದಳು. ಸ್ವಲ್ಪವೇ ದೂರ. ಎಡಗಾಲು ಊರಿದಳು, ಮೊಣಕಾಲು ಮಡಚಿತು. ಎದ್ದಳು, ಮತ್ತೆ ಮಡಚಿತು. ಕೊನೆಗೆ ಅಂಬೆಗಾಲಿಟ್ಟು ತೆವಳಿದಳು. ಮರದ ಹತ್ತಿರ ತಲುಪುವಾಗ ಆ ಹೆಂಗಸು ಒಬ್ಬಳೇ ಹಿಮ ಬಗೆದು ಡಾಕ್ಟರನ್ನು ಎಳೆದು ಹಾಕಿದ್ದಳು.

ರೈನ್‌ಹಾರ್ಟ್ ಬಾಯೊಳಗಿನ ಹಿಮ ಉಗುಳಿದ. ಮುಖ ನೀಲಿಗಟ್ಟಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಸ್ಕೀ ಕ್ಷಮಿಸುತ್ತೆ ಅಂದ್ರಿ. ಮರ ಕ್ಷಮಿಸಲ್ಲ ಅಂತ ಹೇಳ್ಲೇ ಇಲ್ವಲ್ರೀ."

ಎಲ್ಲರೂ ನಿರಾಳವಾಗಿ ನಕ್ಕರು. ಗೈಡ್ ಯಾಕೆ ತಡವಾಗಿ ಬಂದಳು ಎಂದು ಯಾರೂ ಕೇಳಲಿಲ್ಲ. ಹಿಮ ಆಳವಿತ್ತು ಎಂದುಕೊಂಡರು. ಆನಿಕ್‌ಳಿಗೆ ಮಾತ್ರ ನಗಲಾಗಲಿಲ್ಲ. ಆ ಹೆಂಗಸಿನ ತೋಳಲ್ಲಿ ಬಲವಿರದಿದ್ದರೆ ಒಂದು ಜೀವ ಹೋಗುತ್ತಿತ್ತು.

ಸಂಜೆ ಊಟದ ಮನೆಯಲ್ಲಿ ಎಲ್ಲರೂ ಬಿಸಿ ಸೂಪಿಗೆ ಮುತ್ತಿಕೊಂಡಿದ್ದಾಗ ಅವಳು ಸ್ಕೀ ಕೋಣೆಗೆ ಹೋದಳು. ಟೋಬಿನ್ ಅವಳ ಲಾಡ್ಜ್ ಸ್ಕೀಗಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿಕೊಂಡು ನಿಂತಿದ್ದ.

"ಬಾಗಿಲು ಹಾಕು," ಎಂದ.

ಹಾಕಿದಳು.

"ಬಲಗಾಲಿಂದು ಅಂಚು ಪೂರ್ತಿ ಸವೆದಿದೆ. ಎಡಗಾಲಿಂದು ಅಂಗಡೀಲಿ ಇದ್ದ ಹಾಗೇ ಇದೆ. ಎಡಗಡೆ ಸ್ಕ್ರೂ ಬೇರೆ ಸಡಿಲ ಮಾಡ್ಸಿದ್ದೀಯ, ಬೂಟು ಬೇಗ ಬಿಟ್ಕೊಳ್ಳಲಿ, ಮೊಣಕಾಲು ತಿರುಚದಿರಲಿ ಅಂತ. ಆಳ ಹಿಮದಲ್ಲಿ ಸ್ಕೀ ಕಳೆದುಹೋಗಲಿ ಅಂತ ಯಾವ ಗೈಡ್ ಕೇಳ್ತಾಳೆ ಆನಿಕ್?" ಅವನು ಕೈಯಲ್ಲಿದ್ದ ಅರ ಕೆಳಗಿಟ್ಟ. "ಯಾವಾಗಿಂದ?"

ಅವಳು ಬೆಂಚಿನ ಮೇಲೆ ಕುಸಿದಳು. ಅಡಗಿಸಿ ಅಡಗಿಸಿ ಸುಸ್ತಾಗಿತ್ತು.

"ನೀನು ಹುಟ್ಟುಹಬ್ಬಕ್ಕೆ ಬರೋಕೂ ಮೊದಲಿಂದ."

ಟೋಬಿನ್ ಗೂಟದ ಮೇಲಿನ ಸ್ಕೀಗಳ ಕಡೆ ನೋಡಿದ.

"ಆವತ್ತು ನೀನು ಬೆಟ್ಟದಿಂದ ಇಳಿತಿದ್ದೆ. ನಗ್ತಾ ಇದ್ದೆ. ಕಾಲಲ್ಲಿ ಲಾಡ್ಜ್ ಸ್ಕೀ. ನನ್ನದು ಇಲ್ಲಿ ಧೂಳು ತಿಂತಾ ಇತ್ತು. ಅವಳಿಗೆ ನಾನು ಬೇಡವಾದೆ, ಬಾಯಿಬಿಟ್ಟು ಹೇಳೋಕೆ ಆಗ್ದೆ ಹೀಗೆ ಹೇಳ್ತಿದ್ದಾಳೆ ಅಂದ್ಕೊಂಡೆ. ಊರಿಗೆ ಹೋಗಿ ಶೆಡ್‌ಗೆ ಬೀಗ ಹಾಕ್ದೆ. ಆಮೇಲೆ ಒಂದು ಸ್ಕೀನೂ ಮಾಡ್ಲಿಲ್ಲ."

"ಕೇಳಬಹುದಿತ್ತಲ್ಲೋ..."

"ನೀನು ಹೇಳಬಹುದಿತ್ತು."

"ಹೇಳಿದ್ರೆ ಬೆಟ್ಟ ಬಿಡು ಅಂತಿದ್ದೆ."

"ಅಂತಿದ್ದೆ. ಬೇಕಾದ್ರೆ ಜಗಳ ಆಡ್ತಿದ್ದೆ. ಆದ್ರೆ ಇಬ್ರೂ ಜೊತೇಲಿ ಇರ್ತಿದ್ವಿ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು, ಕೆಳಗೆ ಕೂತು, ಅವಳ ಎಡ ಮೊಣಕಾಲ ಮೇಲೆ ಅಂಗೈ ಇಟ್ಟ. ಒತ್ತಲಿಲ್ಲ.

"ಇವತ್ತು ಒಬ್ಬರು ಸಾಯೋರಿದ್ರು ಟೋಬಿನ್. ನನ್ನ ಹಠಕ್ಕೆ."

"ಗೊತ್ತು. ಊಟದ ಮನೇಲಿ ಡಾಕ್ಟರು ಅದನ್ನೇ ತಮಾಷೆ ಮಾಡ್ಕೊಂಡು ಹೇಳ್ತಿದ್ದಾರೆ." ಸ್ವಲ್ಪ ತಡೆದು ಅಂದ, "ನಾನು ಯಾರಿಗೂ ಹೇಳಲ್ಲ. ಅದು ನಿನ್ನ ಬಾಯಿಂದಲೇ ಬರಬೇಕು."

ಬೆಳಿಗ್ಗೆ ಅತಿಥಿಗಳು ತಿಂಡಿಗೆ ಬರುವ ಮುಂಚೆ ಗೈಡ್‌ಗಳ ಸಭೆ. ಹಿರಿಯ ಗೈಡ್ ಗಾರ್ತ್ ಒಂದೊಂದೇ ಇಳಿಜಾರಿನ ಹೆಸರು ಹೇಳುತ್ತಾರೆ, ಒಬ್ಬೊಬ್ಬರೂ "ಹೂಂ" ಅನ್ನಬೇಕು. ಒಬ್ಬರು "ಬೇಡ" ಅಂದರೂ ಆ ಇಳಿಜಾರಿಗೆ ಅಂದು ಯಾರೂ ಹೋಗುವುದಿಲ್ಲ. ಯಾಕೆ ಬೇಡ ಎಂದು ಕೇಳುವಂತಿಲ್ಲ. ಭಯಪಟ್ಟವರು ನಾಚಿಕೊಂಡು ಸುಮ್ಮನಾಗದಿರಲಿ ಎಂದೇ ಆ ಪದ್ಧತಿ.

ಹೆಸರುಗಳು ಮುಗಿದವು. ಗಾರ್ತ್ ಎದ್ದರು.

"ಅಷ್ಟೇ ಅಲ್ವಾ?"

"ಇನ್ನೊಂದಿದೆ," ಎಂದಳು ಆನಿಕ್.

"ಯಾವ ಇಳಿಜಾರು ಮಗಳೇ?"

"ಇಳಿಜಾರಲ್ಲ. ನಾನು." ಅವಳು ತಲೆ ಎತ್ತಿ ಅವರನ್ನೇ ನೋಡಿದಳು. "ನನಗೆ ನಾನು... ಬೇಡ ಅಂತಿದ್ದೀನಿ."

ಯಾರೂ ಯಾಕೆ ಎಂದು ಕೇಳಲಿಲ್ಲ. ಪದ್ಧತಿ ಪದ್ಧತಿಯೇ. ಗಾರ್ತ್ ಮತ್ತೆ ಕೂತರು, ಕಾಫಿ ಬಗ್ಗಿಸಿ ಅವಳ ಮುಂದೆ ಸರಿಸಿದರು.

"ಬೇಡ ಅಂದ್ರೆ ಬೇಡ," ಎಂದರು. ಅವಳಿಗೆ ಹೆಗಲಿನಿಂದ ಬೆಟ್ಟವೇ ಇಳಿದಷ್ಟು ಹಗುರಾಯಿತು, ಅಷ್ಟೇ ಖಾಲಿಯೂ ಆಯಿತು. ಇನ್ನು ಯಾವ ಬೆಳಿಗ್ಗೆಯೂ ಆ ಮೇಜಿನ ಸುತ್ತ ಅವಳಿಗೆ ಜಾಗವಿಲ್ಲ.

ಮಧ್ಯಾಹ್ನ ತರಕಾರಿ ತಂದ ಹೆಲಿಕಾಪ್ಟರ್ ಅವಳನ್ನು ಕರೆದೊಯ್ಯುವುದಿತ್ತು. ಚೀಲ ಹಿಡಿದು ಸ್ಕೀ ಕೋಣೆಗೆ ಬಂದಳು. ಗೂಟ ಖಾಲಿಯಾಗಿತ್ತು. ಆ್ಯಶ್ ಮರದ ಸ್ಕೀಗಳು ಬಾಗಿಲ ಹೊರಗೆ ಹಿಮದ ಮೇಲೆ ಜೋಡಿಯಾಗಿ ಮಲಗಿದ್ದವು. ಧೂಳಿಲ್ಲ, ಹೊಸ ಮೇಣ ಹಚ್ಚಿದೆ. ಹಕ್ಕಿ ಎದ್ದು ಕಾಣುತ್ತಿತ್ತು.

"ಬೂಟು ಹಾಕ್ಕೋ. ಬಿಸಿ ಮಾಡಿಟ್ಟಿದ್ದೀನಿ," ಎಂದ ಟೋಬಿನ್.

"ನನ್ನಿಂದ ಆಗಲ್ಲ. ಹುಚ್ಚಾ ನಿಂಗೆ?"

"ಇಳಿಯೋಕೆ ಯಾರು ಹೇಳಿದ್ರು? ಇಲ್ಲಿಂದ ಹೆಲಿಕಾಪ್ಟರ್ ತನಕ ಸಪಾಟು ನೆಲ. ಅಷ್ಟು ದೂರ."

ಅವನು ಬಗ್ಗಿ ಅವಳ ಬೂಟುಗಳನ್ನು ಸ್ಕೀಗೆ ಕೂರಿಸಿದ. ಟಕ್ ಎಂದಿತು. ಎಷ್ಟೋ ದಿನದಿಂದ ಕೇಳದ ಸದ್ದು. ಅವನ ಹೆಗಲು ಹಿಡಿದು ಅವಳು ಒಂದು ಕಾಲು ಮುಂದೆ ಜಾರಿಸಿದಳು, ಆಮೇಲೆ ಇನ್ನೊಂದು. ಅಜ್ಜಿಯ ಮರ ಹಿಮದ ಮೇಲೆ ಮೆಲ್ಲಗೆ ಸರಿಯಿತು. ಕಿಟಕಿಯಲ್ಲಿ ಅಡುಗೆಯವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ರೈನ್‌ಹಾರ್ಟ್ ಟೋಪಿ ತೆಗೆದು ನಿಂತಿದ್ದ, ಅವನ ಬಾಯಿ ಈ ಸಲ ಸುಮ್ಮನಿತ್ತು.

ದಾರಿ ಬೇಗ ಮುಗಿಯಿತು. ಅವಳು ಸ್ಕೀ ಬಿಚ್ಚಿಸಿಕೊಳ್ಳದೆ ಬೆಟ್ಟದ ಕಡೆ ನೋಡುತ್ತಾ ನಿಂತಳು. ಟೋಬಿನ್ ಅವಸರ ಮಾಡಲಿಲ್ಲ.

"ಇವನ್ನ ಇಲ್ಲೇ ಬಿಡ್ತೀಯಾ, ತಗೊಂಡು ಹೋಗ್ತೀಯಾ?"

"ಲಾಡ್ಜ್‌ದು ಲಾಡ್ಜ್‌ಗೆ. ನನ್ನದು ನನ್ನ ಜೊತೆ."

ಅವನು ಸ್ಕೀಗಳನ್ನು ಬಿಚ್ಚಿ, ಪಟ್ಟಿ ಸುತ್ತಿ, ಹೆಲಿಕಾಪ್ಟರಿನ ಬುಟ್ಟಿಯಲ್ಲಿ ಜೋಪಾನವಾಗಿ ಇಟ್ಟ. ಜೇಬಿನಿಂದ ಶೆಡ್‌ನ ಬೀಗದ ಕೈ ತೆಗೆದು ಅವಳ ಅಂಗೈಗೆ ಹಾಕಿದ.

"ಒಲೆ ಸ್ವಲ್ಪ ಹೊಗೆಯಾಡುತ್ತೆ. ಬೈಕೋಬೇಡ."

"ನೀನು?"

"ಹಿಮ ಕರಗೋ ತನಕ ಇಲ್ಲಿರ್ತೀನಿ ಅಂತ ಗಾರ್ತ್‌ಗೆ ಮಾತು ಕೊಟ್ಟಿದ್ದೀನಿ. ಆಮೇಲೆ ಮನೆಗೇ ಬರ್ತೀನಿ."

"ಬೆಟ್ಟ ಇಲ್ದೆ ನಾನು ಹೇಗಿರ್ತೀನೋ ನನಗೇ ಗೊತ್ತಿಲ್ಲ ಟೋಬಿನ್. ದಿನಾ ಅತ್ತರೆ?"

"ಅಳು. ನಾನು ಪಕ್ಕದಲ್ಲಿ ಕೂತು ಮರ ಹೆರೀತಿರ್ತೀನಿ."

ಅವಳು ಅವನ ಗಡ್ಡಕ್ಕೆ ಹಣೆ ಒತ್ತಿ ಒಂದು ಕ್ಷಣ ನಿಂತಳು.

"ಬೇಗ ಬಾ," ಎಂದಳು.

"ಬರ್ತೀನಿ. ಈ ಸಲ ನಿನ್ನ ಮುಖ ನೋಡದೆ ವಾಪಸ್ ಹೋಗಲ್ಲ."